ಹೆಸರಿಗೆ ಗಂಡು-ಹೆಣ್ಣೆಂಬ ಭೇದ ಬಂದದ್ದು ಎಲ್ಲಿಂದ?

ತುಮಕೂರು: ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ಹೆಸರಿನಿಂದ ಸಿದ್ಧಲಿಂಗಯ್ಯ, ಸಿದ್ಧಲಿಂಗಮ್ಮ, ಗುಬ್ಬಿಯ ಚನ್ನಬಸವೇಶ್ವರನಿಂದ ಚನ್ನಬಸವಯ್ಯ, ಚನ್ನಬಸಮ್ಮ, ತುಮಕೂರಿಗೆ ಸಮೀಪದ ದೇವರಾಯನದುರ್ಗದ ನರಸಿಂಹನಿಂದ ನರಸಿಂಹಯ್ಯ, ನರಸಮ್ಮ. ಈ ಭಾಗದ ಹಿರಿಯರ ಹೆಸರುಗಳಲ್ಲಿ ಇಂತಹ ಜೋಡಿಗಳು ಹೇರಳವಾಗಿವೆ.

'ಬಸವ' ಎಂಬುದು ವೃಷಭ ಪದದ ತದ್ಭವ. ನರಸಿಂಹ ಪುರುಷ ದೇವತೆ. ಆದರೂ ಬಸಮ್ಮ, ನರಸಮ್ಮ ಎಂಬ ಹೆಸರುಗಳು ಯಾರಿಗೂ ವಿಚಿತ್ರವೆನಿಸಲಿಲ್ಲ. ಅಂತೆಯೇ ಗಂಗೆ ಸ್ತ್ರೀಯಾದರೂ ಸಿದ್ಧಗಂಗಯ್ಯ, ಲಕ್ಷ್ಮಿ ಸ್ತ್ರೀಯಾದರೂ ಲಕ್ಷ್ಮಯ್ಯ ಎಂಬ ಹೆಸರುಗಳು ರೂಢಿಗೆ ಬಂದವು. ಲಿಂಗವನ್ನು ತಿಳಿಸುತ್ತಿದ್ದುದು ಮೂಲ ಹೆಸರಲ್ಲ, ಅದರ ಕೊನೆಗೆ ಸೇರುತ್ತಿದ್ದ ಅಯ್ಯ, ಅಪ್ಪ, ಅಣ್ಣ, ಅಮ್ಮ, ಅಕ್ಕ ಎಂಬ ಬಂಧುವಾಚಕಗಳು. ರಂಗಭೂಮಿಯ ಗುಬ್ಬಿ ವೀರಣ್ಣನವರ ಹೆಸರಿನಲ್ಲಿರುವ 'ವೀರ' ಪದವೇ 'ಅಮ್ಮ' ಸೇರಿದೊಡನೆ ವೀರಮ್ಮನಾಗುತ್ತದೆ.

ವಿಲಕ್ಷಣ ಹೆಸರುಗಳಿಗೂ ಇದೇ ಸೂತ್ರ ಅನ್ವಯಿಸುತ್ತಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ, ಮಗುವಿಗೆ ಕೆಟ್ಟ ದೃಷ್ಟಿ ತಾಗದಿರಲೆಂದು ತಿಪ್ಪೆ, ಗುಂಡುಕಲ್ಲುಗಳ ಹೆಸರನ್ನಿಡುವ ಪದ್ಧತಿಯಿತ್ತು. ಗಂಡಾದರೆ ತಿಪ್ಪಯ್ಯ, ಗುಂಡಪ್ಪ. ಹೆಣ್ಣಾದರೆ ತಿಪ್ಪಮ್ಮ, ಗುಂಡಮ್ಮ.

ನಗರಗಳು ಬೆಳೆದಂತೆ ಅಯ್ಯ-ಅಮ್ಮಗಳು ಹಳೆಯ ಕಾಲದವೆಂಬ ಭಾವನೆ ಮೂಡಿ ಹೆಸರುಗಳಿಂದ ಕಳಚಿಬಿದ್ದವು. ಆಗ ಭೇದವನ್ನು ತೋರುವ ಹೊಣೆ ಹೆಸರಿನ ಕೊನೆಯ ಅಕ್ಷರದ ಮೇಲೆ ಬಿತ್ತು. 'ಚೇತನ್' ಎಂದು ವ್ಯಂಜನದಲ್ಲಿ ನಿಂತರೆ ಹುಡುಗ, 'ಚೇತನ' ಎಂದು ಸ್ವರದಲ್ಲಿ ಮುಗಿದರೆ ಹುಡುಗಿ. ರಾಮ, ಕೃಷ್ಣ, ಶಿವ ಎಂಬ ಸ್ವರಾಂತ ಹೆಸರುಗಳೆಲ್ಲ ಪುರುಷರವೇ ಆಗಿದ್ದ ನಾಡಿನಲ್ಲಿ ಇದು ಹೊಸ ರೂಢಿ. ಸಂಸ್ಕೃತದಲ್ಲಿ ನಪುಂಸಕಲಿಂಗದ ಪದಗಳಾದ ಕಾವ್ಯ, ಭಾಗ್ಯ, ಸೌಂದರ್ಯಗಳು ಈ ರೂಢಿಗೆ ಹೊಂದಿಕೊಂಡು ಹೆಣ್ಣುಮಕ್ಕಳ ಹೆಸರುಗಳಾಗಿವೆ. ಕುವೆಂಪು ಅವರು ತಮ್ಮ ಎರಡನೆಯ ಮಗನಿಗೆ ಇಟ್ಟ ಹೆಸರು ಕೋಕಿಲೋದಯ ಚೈತ್ರ. ಇಂದು 'ಚೈತ್ರ' ಎಂದೊಡನೆ ಬಹುತೇಕರಿಗೆ ಹೊಳೆಯುವುದು ಹುಡುಗಿ. ಪದ ಬದಲಾಗಲಿಲ್ಲ, ಬದಲಾದದ್ದು ಕೇಳುವವರ ಅಭ್ಯಾಸ.

ಈ ಅಭ್ಯಾಸವು ಕಾನೂನಿನ ಬಲ ಪಡೆಯಬೇಕೆ ಎಂಬ ಪ್ರಶ್ನೆ ಜರ್ಮನಿಯಲ್ಲಿ ಎದ್ದಿತ್ತು, ಅದೂ ನಮಗೆ ಚಿರಪರಿಚಿತವಾದ ಹೆಸರೊಂದರ ನಿಮಿತ್ತ. ಭಾರತೀಯ ಮೂಲದ ಕುಟುಂಬವೊಂದು ಮಗಳಿಗೆ 'ಕಿರಣ್' ಎಂದು ಹೆಸರಿಟ್ಟಾಗ, ಅದರಿಂದ ಲಿಂಗ ತಿಳಿಯದೆಂದು ನೋಂದಣಿ ಕಚೇರಿ ನಿರಾಕರಿಸಿತು. ಹೆಸರು ಲಿಂಗವನ್ನು ಸೂಚಿಸಲೇಬೇಕೆಂಬ ನಿಯಮ ಕಾನೂನಿನಲ್ಲಿಲ್ಲವೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2008ರ ಡಿಸೆಂಬರ್ 5ರಂದು ತೀರ್ಪಿತ್ತಿತು.

ನಮ್ಮಲ್ಲಿನ 1969ರ ಜನನ-ಮರಣ ನೋಂದಣಿ ಕಾಯ್ದೆಯೂ ಅಂತಹ ಷರತ್ತು ವಿಧಿಸುವುದಿಲ್ಲ. ನೋಂದಣಿ ನಮೂನೆಯಲ್ಲಿ ಲಿಂಗಕ್ಕೆ ಪ್ರತ್ಯೇಕ ಅಂಕಣವೇ ಇದೆ. ಹೆಸರಿಡುವ ಆತುರವೂ ಬೇಕಿಲ್ಲ. ಮಗುವಿನ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ, ಬಳಿಕ 15 ವರ್ಷಗಳವರೆಗೆ ವಿಳಂಬ ಶುಲ್ಕ ತೆತ್ತು ಹೆಸರನ್ನು ಸೇರಿಸಬಹುದು. ಆದರೆ ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಸುಲಭವಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಜನಿಸಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಮೊದಲಾದವುಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ಆಧಾರ. ಮುಂದಿನ ದಾಖಲೆಗಳೆಲ್ಲ ಆ ಪತ್ರದಲ್ಲಿರುವ ಹೆಸರನ್ನೇ ಅನುಸರಿಸಬೇಕಾಗುತ್ತದೆ.

ಆದ್ದರಿಂದ ಪಾಲಕರು ಗಮನಿಸಬೇಕಾದದ್ದು ಹೆಸರು ಗಂಡೋ ಹೆಣ್ಣೋ ಎಂಬುದಕ್ಕಿಂತ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅದರ ಕಾಗುಣಿತ ಸರಿಯಿದೆಯೇ ಎಂಬುದನ್ನು. ಇಂಗ್ಲಿಷಿನಲ್ಲಿ ಕೊನೆಯ 'ಎ' ಅಕ್ಷರವೊಂದು ಬಿಟ್ಟುಹೋದರೆ ಸಾಕು, ಚೇತನ ಎಂಬ ಹುಡುಗಿ ದಾಖಲೆಗಳಲ್ಲಿ ಚೇತನ್ ಆಗಿಬಿಡುತ್ತಾಳೆ.