ಬಾಕ್ಸ್‌ಸ್ಟರ್ ಬಿಸಿಯಾಗುವುದು ಯಾವಾಗ?

ಸೆಕೆಂಡ್ ಹ್ಯಾಂಡ್ ಪೋರ್ಶೆ ಬಾಕ್ಸ್‌ಸ್ಟರ್ ಕೊಂಡವರು ಗ್ಯಾರೇಜಿಗೆ ತರುವ ದೂರು ಹೆಚ್ಚಾಗಿ ಒಂದೇ ಮಾತಿನದು: ‘ಗಾಡಿ ಹೀಟ್ ಆಗ್ತಿದೆ.’ ಕೆಲಸ ಬಲ್ಲ ಮೆಕ್ಯಾನಿಕ್ ಮೊದಲು ಕೇಳುವುದೂ ಒಂದೇ ಮಾತು: ‘ಯಾವಾಗ ಸಾರ್?’ ಸಿಗ್ನಲ್‌ನಲ್ಲಿ ನಿಂತಾಗಲೋ, ಹೈವೇಯಲ್ಲಿ ಓಡಿಸುವಾಗಲೋ, ಘಾಟಿ ಹತ್ತುವಾಗಲೋ, ಅಥವಾ ಯಾರೋ ಕೂಲೆಂಟ್ ಬದಲಿಸಿಕೊಟ್ಟ ಮೇಲೋ? ಇದನ್ನು ಕೇಳದೆ ಸ್ಪ್ಯಾನರ್ ಹಿಡಿಯುವ ಕಡೆ ಥರ್ಮೋಸ್ಟಾಟ್, ವಾಟರ್ ಪಂಪ್, ರೇಡಿಯೇಟರ್ ಒಂದಾದ ಮೇಲೊಂದು ಬದಲಾಗುತ್ತವೆ. ಬಿಲ್ಲು ಬೆಳೆಯುತ್ತದೆ, ಮೀಟರಿನ ಮುಳ್ಳು ಮಾತ್ರ ಇಳಿಯುವುದಿಲ್ಲ.

ಈ ಕಾರಿನ ಹೊಟ್ಟೆಯೊಳಗಿನ ದಾರಿ ಮೊದಲು ಗೊತ್ತಿರಬೇಕು. 1996ರಲ್ಲಿ ಬಂದ ಮೊದಲ ಬಾಕ್ಸ್‌ಸ್ಟರ್‌ನಲ್ಲಿ (ಕಾರ್ಖಾನೆಯ ಸಂಕೇತ 986) ಆರು ಸಿಲಿಂಡರಿನ ಎಂಜಿನ್ ಇರುವುದು ಸೀಟುಗಳ ಬೆನ್ನ ಹಿಂದೆ. ರೇಡಿಯೇಟರುಗಳು ಮಾತ್ರ ಕಾರಿನ ಮೂತಿಯಲ್ಲಿ, ಮುಂದಿನ ಬಂಪರಿನ ಎಡ ಬಲದ ಬಾಯಿಗಳ ಹಿಂದೆ ಒಂದೊಂದು. ‘ಎಸ್’ ಮಾದರಿಗೆ ನಡುವೆ ಮೂರನೆಯದೂ ಉಂಟು. ಬಿಸಿ ನೀರು ಎಂಜಿನ್‌ನಿಂದ ಹೊರಟು, ಕಾರಿನ ಅಡಿಯಲ್ಲಿ ಉದ್ದಕ್ಕೂ ಹಾದ ಪೈಪುಗಳಲ್ಲಿ ಮುಂದಕ್ಕೆ ಹೋಗಿ, ತಣ್ಣಗಾಗಿ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಸಣ್ಣ ಹ್ಯಾಚ್‌ಬ್ಯಾಕಿಗೆ ನಾಲ್ಕೈದು ಲೀಟರ್ ಕೂಲೆಂಟ್ ಸಾಕಾದರೆ ಇದಕ್ಕೆ 15 ಲೀಟರಿಗೂ ಹೆಚ್ಚು ಬೇಕು. 2004ರ ನಂತರದ 987ರಲ್ಲಿಯೂ ಏರ್ಪಾಡು ಇದೇ.

ನಿಂತಾಗ ಬಿಸಿಯಾಗಿ, ಗಾಡಿ ಓಡಿದೊಡನೆ ತಣಿದರೆ ಕೊರತೆ ಗಾಳಿಯದು. ಓಡುವ ಕಾರಿನ ರೇಡಿಯೇಟರಿಗೆ ಗಾಳಿ ತಾನಾಗಿ ನುಗ್ಗುತ್ತದೆ, ನಿಂತ ಕಾರಿಗೆ ಫ್ಯಾನೇ ಗತಿ. ಇಲ್ಲಿ ಮಾಡಬೇಕಾದ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ, ಇಳಿದು ಬಂದು ಬಂಪರಿನ ಎರಡೂ ಬದಿಗೆ ಕಿವಿ ಕೊಡಿ. ಎರಡು ಫ್ಯಾನೂ ನಿಧಾನದ ವೇಗದಲ್ಲಿ ತಿರುಗುತ್ತಿರಬೇಕು. ಒಂದು ಬದಿ ಸುಮ್ಮನಿದ್ದರೆ ಹುಡುಕಾಟ ಅರ್ಧ ಮುಗಿಯಿತು.

ಈ ಫ್ಯಾನುಗಳಿಗೆ ವೇಗ ಎರಡು. ನಿಧಾನದ ವೇಗಕ್ಕೆ ಕರೆಂಟು ಒಂದು ರೆಸಿಸ್ಟರ್ ಮೂಲಕ ಬರುತ್ತದೆ. ಅದು ಫ್ಯಾನಿನ ಪಕ್ಕದಲ್ಲೇ ಬಿಸಿಗೂ ಮಳೆ ನೀರಿಗೂ ಮೈಯೊಡ್ಡಿ ಕೂತಿರುವುದರಿಂದ ವಯಸ್ಸಾದ ಗಾಡಿಗಳಲ್ಲಿ ಸುಟ್ಟುಹೋಗುವುದು ತೀರಾ ಸಾಮಾನ್ಯ. ಆಗ ಎ.ಸಿ. ಹಾಕಿದರೂ ಫ್ಯಾನ್ ಅಲ್ಲಾಡುವುದಿಲ್ಲ. ಆದರೆ ನೀರು 100 ಡಿಗ್ರಿ ದಾಟಿ ಕಾದ ಮೇಲೆ ಜೋರಿನ ವೇಗ ಒಮ್ಮೆಲೇ ಶುರುವಾಗುತ್ತದೆ. ಹಾಗಾಗಿ ಟ್ರಾಫಿಕ್ಕಿನಲ್ಲಿ ಶಾಖ ಏರುತ್ತದೆ, ಫ್ಯಾನ್ ಭೋರ್ಗರೆಯುತ್ತದೆ, ಶಾಖ ಇಳಿಯುತ್ತದೆ, ಮತ್ತೆ ಏರುತ್ತದೆ. ಈ ಏರಿಳಿತ ನೋಡಿ ‘ಫ್ಯಾನ್ ಕೆಲಸ ಮಾಡ್ತಿದೆ, ತೊಂದರೆ ಬೇರೆಲ್ಲೋ ಇದೆ’ ಎಂದು ಪಂಪಿಗೆ ಕೈಹಾಕುವವರಿದ್ದಾರೆ. ರಿಲೇ ಮತ್ತು ಫ್ಯೂಸ್ ನೋಡಿದ ಮೇಲೆ ರೆಸಿಸ್ಟರನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಐದು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು.

ಫ್ಯಾನ್ ಸರಿಯಿದ್ದರೆ ಮುಂದಿನ ಅನುಮಾನ ಕಸ. ಬಂಪರಿನ ಆ ಎರಡು ಬಾಯಿಗಳು ನೆಲಕ್ಕೆ ಹತ್ತಿರ. ರಸ್ತೆಯ ಎಲೆ, ಪ್ಲಾಸ್ಟಿಕ್ ಚೂರು, ಹುಳುಹುಪ್ಪಟೆ ಎಲ್ಲವೂ ಒಳಗೆ ಹೋಗುತ್ತವೆ. ಮುಂದೆ ನಿಂತು ಟಾರ್ಚ್ ಬಿಟ್ಟರೆ ಕಾಣುವುದು ಎ.ಸಿ. ಕಂಡೆನ್ಸರ್ ಮಾತ್ರ, ರೇಡಿಯೇಟರ್ ಅದರ ಹಿಂದಿದೆ. ಕಸ ಒತ್ತಾಗಿ ಕೂರುವುದು ಇವೆರಡರ ನಡುವಿನ ಸಂದಿಯಲ್ಲಿ. ಹೊರಗಿನಿಂದ ಪೈಪು ಹಿಡಿದು ನೀರು ಹೊಡೆದರೆ ಕಂಡೆನ್ಸರ್ ಹೊಳೆಯುತ್ತದೆ, ಸಂದಿಯ ಕಸ ಇನ್ನಷ್ಟು ಗಟ್ಟಿಯಾಗುತ್ತದೆ. ಬಂಪರ್ ಕಳಚಿ, ಕಂಡೆನ್ಸರನ್ನು ಗ್ಯಾಸ್ ಬಿಡದೆಯೇ ಸ್ವಲ್ಪ ಮುಂದಕ್ಕೆ ಸರಿಸಿ ಕೈಯಿಂದಲೇ ತೆಗೆಯಬೇಕು. ಎಷ್ಟೋ ಗಾಡಿಗಳಲ್ಲಿ ಹಸಿ ಮಣ್ಣಾಗಿ ಕೊಳೆತ ಎಲೆ ಹಿಡಿಹಿಡಿಯಾಗಿ ಬರುತ್ತದೆ. ಆ ತೇವ ತಗಲಿದ ಕಡೆ ಅಲ್ಯೂಮಿನಿಯಂ ತಿಂದುಹೋಗಿ ರೇಡಿಯೇಟರ್ ಸೋರುವುದೂ ಉಂಟು.

ಇದಕ್ಕೆ ತಿರುಗುಮುರುಗು ಲಕ್ಷಣ, ಅಂದರೆ ಸಿಟಿಯಲ್ಲಿ ಸರಿಯಿದ್ದು ಹೈವೇಯಲ್ಲೋ ಘಾಟಿಯಲ್ಲೋ ಬಿಸಿಯಾದರೆ, ನೋಡಬೇಕಾದದ್ದು ನೀರಿನ ಓಟವನ್ನು. ಈ ಎಂಜಿನ್ನಿನ ವಾಟರ್ ಪಂಪಿನ ಇಂಪೆಲ್ಲರ್ ಪ್ಲಾಸ್ಟಿಕ್ಕಿನದು. ಅದರ ರೆಕ್ಕೆಗಳು ಮುರಿದರೆ ಪುಲ್ಲಿ ಎಂದಿನಂತೆ ತಿರುಗುತ್ತದೆ, ನೀರು ಮಾತ್ರ ಬೇಕಾದಷ್ಟು ಮುಂದೆ ಹೋಗುವುದಿಲ್ಲ. ಮುರಿದ ಚೂರುಗಳು ಎಂಜಿನ್ನಿನ ಕಿರಿದಾದ ನೀರಿನ ದಾರಿಗಳಲ್ಲಿ ಸಿಕ್ಕಿಕೊಂಡು ಅಲ್ಲಿ ಮಾತ್ರ ವಿಪರೀತ ಬಿಸಿಯಾಗುತ್ತದೆ. ಆದ್ದರಿಂದ ಪಂಪ್ ಬಿಚ್ಚಿದಾಗ ರೆಕ್ಕೆ ಕಾಣೆಯಾಗಿದ್ದರೆ ಹೊಸದನ್ನು ಕೂರಿಸಿ ಕಳಿಸುವಂತಿಲ್ಲ. ಚೂರುಗಳನ್ನು ಹುಡುಕಿ ತೆಗೆಯಲೇಬೇಕು. ‘ಲೋಹದ ಇಂಪೆಲ್ಲರ್ ಹಾಕಿಬಿಡಿ, ಶಾಶ್ವತ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪಂಪಿನ ಬೇರಿಂಗ್ ಸವೆದು ಅಲುಗಾಡತೊಡಗಿದರೆ ಪ್ಲಾಸ್ಟಿಕ್ ತಾನು ಮುರಿಯುತ್ತದೆ, ಲೋಹ ಎಂಜಿನ್ ಬ್ಲಾಕನ್ನೇ ಕೆರೆಯುತ್ತದೆ.

ಥರ್ಮೋಸ್ಟಾಟ್ ವಿಚಾರದಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಒಂದು ಹಳೆಯ ರೂಢಿಯಿದೆ: ಬಿಸಿಯಾದರೆ ಅದನ್ನು ಕಿತ್ತೆಸೆಯುವುದು. ಇದು ದೊಡ್ಡ ಅನ್ಯಾಯ. ಥರ್ಮೋಸ್ಟಾಟ್ ತೆರೆದಾಗ ರೇಡಿಯೇಟರಿನ ದಾರಿ ಬಿಡುವುದಷ್ಟೇ ಅಲ್ಲ, ನೀರು ಎಂಜಿನ್ನಿನೊಳಗೇ ಸುತ್ತುವ ಅಡ್ಡದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ಅಡ್ಡದಾರಿ ಸದಾ ತೆರೆದಿದ್ದು, ಒಂದು ಪಾಲು ನೀರು ರೇಡಿಯೇಟರ್ ಕಾಣದೆಯೇ ಬಿಸಿಬಿಸಿಯಾಗಿ ವಾಪಸು ಬರುತ್ತದೆ. ಬೇಗ ತೆರೆಯುವ, 71 ಡಿಗ್ರಿಯ ಥರ್ಮೋಸ್ಟಾಟ್ ಹಾಕಿಸುವವರೂ ಇದ್ದಾರೆ. ಅದರಿಂದ ಮಾಮೂಲಿ ಓಡಾಟದಲ್ಲಿ ಎಂಜಿನ್ ತುಸು ತಣ್ಣಗಿರಬಹುದು. ಆದರೆ ಕಟ್ಟಿಕೊಂಡ ರೇಡಿಯೇಟರಿನ ಸಾಮರ್ಥ್ಯವನ್ನು ಅದು ಒಂದಿಷ್ಟೂ ಹೆಚ್ಚಿಸದು. ಹಳೆಯ ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ತಿಳಿಯಲು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು, ಥರ್ಮಾಮೀಟರ್ ಹಿಡಿದು, ಯಾವ ಶಾಖಕ್ಕೆ ಬಾಯಿ ಬಿಡುತ್ತದೆ ಎಂದು ನೋಡಿದರೆ ಸಾಕು.

ಕೂಲೆಂಟ್ ವ್ಯವಸ್ಥೆ ಪ್ರೆಶರ್ ಕುಕ್ಕರಿನಂತೆ ಒತ್ತಡದ ಮೇಲೆ ನಿಂತಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಹಿಡಿದಿಡುವ ಒತ್ತಡ ಮತ್ತು ಅರ್ಧಕ್ಕರ್ಧ ಬೆರೆಸಿದ ಗ್ಲೈಕಾಲ್ ಸೇರಿ ಆ ಗಡಿಯನ್ನು 120ರ ಆಚೆಗೆ ತಳ್ಳುತ್ತವೆ. ಮುಚ್ಚಳದ ರಬ್ಬರ್ ಒಣಗಿದ್ದರೆ ಈ ರಕ್ಷಣೆಯೇ ಇಲ್ಲ. ಬಾಕ್ಸ್‌ಸ್ಟರ್‌ನಲ್ಲಿ ಇನ್ನೊಂದು ಕುಖ್ಯಾತ ಜಾಗ ಹಿಂದಿನ ಡಿಕ್ಕಿಯ ಕೂಲೆಂಟ್ ಟ್ಯಾಂಕ್. ಆ ಪ್ಲಾಸ್ಟಿಕ್ ವರ್ಷಗಳ ಶಾಖಕ್ಕೆ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರಿಯುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ತೇವ, ಅಂಟು, ಸಿಹಿ ವಾಸನೆ ಇದ್ದರೆ ಅದೇ. ಖಚಿತಪಡಿಸಿಕೊಳ್ಳಲು ಎಂಜಿನ್ ತಣ್ಣಗಿದ್ದಾಗ ಕೈಪಂಪಿನಿಂದ ಮುಚ್ಚಳದ ಒತ್ತಡಕ್ಕೆ ಮೀರದಂತೆ ಗಾಳಿ ತುಂಬಿ ಕಾಲು ಗಂಟೆ ಕಾಯಬೇಕು. ಪಂಪಿನ ಮೀಟರಿನ ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ.

ಕೂಲೆಂಟ್ ಬದಲಿಸಿದ ಮೇಲೆ ಶುರುವಾದ ತೊಂದರೆಗೆ ಕಾರಣ ಬಹುಮಟ್ಟಿಗೆ ಒಳಗೆ ಉಳಿದ ಗಾಳಿ. ಇಷ್ಟು ಉದ್ದದ ದಾರಿಯಲ್ಲಿ ಮೇಲಿನಿಂದ ಸುರಿದು ‘ಫುಲ್ ಆಯ್ತು’ ಎಂದರೆ ಎಂಜಿನ್ ಹೆಡ್ಡಿನಲ್ಲೋ ಮುಂದಿನ ರೇಡಿಯೇಟರಿನಲ್ಲೋ ಗಾಳಿಯ ಗುಳ್ಳೆ ನಿಂತೇ ಇರುತ್ತದೆ. ಮುಳ್ಳು ಹುಚ್ಚೆದ್ದಂತೆ ಮೇಲೆ ಕೆಳಗೆ ಆಡುವುದು, ಎಂಜಿನ್ ಕಾದಿದ್ದರೂ ಕ್ಯಾಬಿನ್ ಹೀಟರಿನಲ್ಲಿ ತಣ್ಣನೆ ಗಾಳಿ ಬರುವುದು ಇದರ ಗುರುತು. ಮೊದಲು ನಿರ್ವಾತ ಮಾಡಿ, ಆ ಎಳೆತದಿಂದಲೇ ಕೂಲೆಂಟನ್ನು ಒಳಗೆ ಹೀರಿಸುವ ಉಪಕರಣವಿದೆ. ಈ ಕಾರಿಗೆ ಆ ಉಪಕರಣವಿಲ್ಲದ ಕಡೆ ಕೂಲೆಂಟ್ ಬದಲಿಸಬೇಡಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರ ಸುಣ್ಣದಂಶ ಒಳಗೋಡೆಗೆ ಕಟ್ಟಿಕೊಳ್ಳುತ್ತದೆ.

ಇವೆಲ್ಲವನ್ನೂ ಅಳೆದು ನೋಡಬೇಕು, ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ತೀರ್ಮಾನ ಬೇಡ. ಒಬಿಡಿ ಸ್ಕ್ಯಾನರ್ ಸಿಕ್ಕಿಸಿದರೆ ಎಂಜಿನ್ ಕಂಪ್ಯೂಟರ್ ಕಾಣುತ್ತಿರುವ ನಿಜವಾದ ಡಿಗ್ರಿ ಮೊಬೈಲಿನಲ್ಲೇ ಸಿಗುತ್ತದೆ. ಜೊತೆಗೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಇರಲಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎಡ ಬಲದ ರೇಡಿಯೇಟರುಗಳಿಗೆ ಹೋಗುವ, ಬರುವ ಹೋಸುಗಳ ಶಾಖ ಹೋಲಿಸಿ. ಒಂದು ಬದಿ ಬಿಸಿ, ಇನ್ನೊಂದು ಬದಿ ಬೆಚ್ಚಗೂ ಇಲ್ಲ ಎಂದರೆ ಆ ಬದಿಯಲ್ಲಿ ನೀರು ಓಡುತ್ತಿಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರವಾಗಿ ಹಿಡಿದರೆ ಈ ಉಪಕರಣ ಕಡಿಮೆ ಶಾಖ ತೋರಿಸುತ್ತದೆ. ಆ ಜಾಗಕ್ಕೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಟೇಪಿನ ಮೇಲೆ ಅಳೆಯಿರಿ.

ಎಲ್ಲ ಸರಿಯಿದ್ದೂ ಕೂಲೆಂಟ್ ಕಡಿಮೆಯಾಗುತ್ತಲೇ ಇದ್ದರೆ ಆಗ ಹೆಡ್ ಗ್ಯಾಸ್ಕೆಟ್, ಬಿರಿದ ಹೆಡ್ ಮುಂತಾದ ಭಾರೀ ಹೆಸರುಗಳನ್ನು ಎತ್ತಬಹುದು. ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಕೊಳವೆ ಹಿಡಿದು ಒಳಗಿನ ಆವಿಯನ್ನು ಅದರ ಮೂಲಕ ಎಳೆದಾಗ ಬಣ್ಣ ಹಳದಿಗೆ ತಿರುಗಿದರೆ, ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರುತ್ತಿದೆ ಎಂದರ್ಥ. ಆಯಿಲ್ ಸುರಿಯುವ ಮುಚ್ಚಳದಲ್ಲಿ ಹಳದಿ ನೊರೆ ಕಂಡ ತಕ್ಷಣ ಎದೆ ಒಡೆದುಕೊಳ್ಳಬೇಕಿಲ್ಲ. ಹತ್ತಿರದ ಓಡಾಟವೇ ಹೆಚ್ಚಿರುವ ಬಾಕ್ಸ್‌ಸ್ಟರ್‌ಗಳಲ್ಲಿ ಆಯಿಲ್ ಸುರಿಯುವ ಕೊಳವೆಯೊಳಗೆ ಬರೀ ತೇವಾಂಶದಿಂದಲೂ ನೊರೆ ಕಟ್ಟುತ್ತದೆ. ಬಸಿದ ಆಯಿಲ್ ಪೂರ್ತಿ ಹಾಲುಗಾಫಿ ಬಣ್ಣಕ್ಕಿದ್ದರೆ, ಟ್ಯಾಂಕಿನಲ್ಲಿ ಜಿಡ್ಡು ತೇಲುತ್ತಿದ್ದರೆ ಮಾತು ಬೇರೆ. ಆಗಲೂ ಎಂಜಿನ್ ಇಳಿಸುವ ಮೊದಲು ಎಂಜಿನ್ನಿನ ನೆತ್ತಿಯಲ್ಲಿರುವ ಆಯಿಲ್ ಕೂಲರನ್ನು ಬಿಚ್ಚಿ ಪರೀಕ್ಷಿಸಿ. ಆಯಿಲೂ ನೀರೂ ಅಕ್ಕಪಕ್ಕ ಹಾಯುವ ಆ ಡಬ್ಬಿಯೊಳಗೆ ತೂತಾದರೂ ಎರಡೂ ಹೀಗೇ ಬೆರೆಯುತ್ತವೆ, ರಿಪೇರಿ ಮಾತ್ರ ಬಹಳ ಅಗ್ಗ.

ದಾರಿಯಲ್ಲಿ ಮುಳ್ಳು ಏರಿದರೆ ಎ.ಸಿ. ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ಜೋರಿಗೆ ತಿರುಗಿಸಿ; ಒಂದಿಷ್ಟು ಶಾಖ ಕ್ಯಾಬಿನ್ನಿಗೆ ಬಂದು ಎಂಜಿನ್ನಿನ ಹೊರೆ ಇಳಿಯುತ್ತದೆ. ಆಗಲೂ ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮುಚ್ಚಳ ತೆಗೆಯಬೇಡಿ, ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ‘ಇನ್ನೆರಡೇ ಕಿಲೋಮೀಟರ್’ ಎಂದು ಓಡಿಸಬೇಡಿ. ಫ್ಲ್ಯಾಟ್‌ಬೆಡ್ ಟ್ರಕ್ಕಿನ ಬಾಡಿಗೆ ಎಷ್ಟೇ ಇರಲಿ, ಸೊಟ್ಟಗಾದ ಅಲ್ಯೂಮಿನಿಯಂ ಹೆಡ್ಡನ್ನು ಸರಿಪಡಿಸುವ ಖರ್ಚಿನ ಹತ್ತಿರಕ್ಕೂ ಬರದು.