ಬಂದು ಹೋಗುವ ದೋಷ: ಪೋರ್ಷೆ 944 ಸ್ಟಾರ್ಟ್ ಆಗದಿದ್ದಾಗ

ಪೋರ್ಷೆ 944 ಸ್ಪೋರ್ಟ್ಸ್ ಕಾರು 1982ರಿಂದ 1991ರವರೆಗೆ ಜರ್ಮನಿಯಲ್ಲಿ ತಯಾರಾಯಿತು. ನಾಲ್ಕು ಸಿಲಿಂಡರಿನ ಇಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಭಾರ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿರುವುದರಿಂದ ತಿರುವುಗಳಲ್ಲಿ ಹದ ತಪ್ಪದ ಕಾರೆಂದು ಅದಕ್ಕೆ ಹೆಸರು. ಮೂರು ದಶಕ ದಾಟಿದ ಈ ಕಾರುಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರಿದ್ದಾರೆ. ಅವರಿಗೆಲ್ಲ ಪರಿಚಿತವಾದ ತೊಂದರೆಯೊಂದಿದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆದ ಕಾರು, ಮಧ್ಯಾಹ್ನ ಬಿಸಿಲಲ್ಲಿ ನಿಂತ ಮೇಲೆ ಎಷ್ಟು ಸಲ ಕೀ ತಿರುಗಿಸಿದರೂ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಕಳೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.

ಪೂರ್ತಿ ಕೆಟ್ಟ ಭಾಗ ಪರೀಕ್ಷೆಗೆ ಸಿಗುತ್ತದೆ. ಆಗಾಗ ಕೆಡುವ ಭಾಗ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಸರಿಯಾಗಿರುತ್ತದೆ. ಈ ದೋಷ ಕಷ್ಟವೆನಿಸುವುದು ಇದಕ್ಕೇ. ಅಂದಾಜಿನ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋದರೆ ಹಣ ಖರ್ಚಾಗುತ್ತದೆ, ದೋಷ ಉಳಿಯುತ್ತದೆ. ಕಾರು ಸ್ಟಾರ್ಟ್ ಆಗದ ಆ ಕೆಲವು ನಿಮಿಷಗಳೇ ಪರೀಕ್ಷೆಗೆ ಸಿಗುವ ಸಮಯ. ಆದ್ದರಿಂದ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಸ್ಪಾರ್ಕ್ ಟೆಸ್ಟರ್ ಕಾರಿನಲ್ಲೇ ಇರಬೇಕು. ಇಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಮಳೆಯಿತ್ತೋ, ಎಷ್ಟು ಹೊತ್ತಿಗೆ ಸರಿಹೋಯಿತು ಎಂಬುದನ್ನು ಪ್ರತಿ ಸಲವೂ ಬರೆದಿಡಬೇಕು.

ಮೊದಲ ಪ್ರಶ್ನೆ: ಸೆಲ್ಫ್ ತಿರುಗುತ್ತದೆಯೇ?

ಕೀ ತಿರುಗಿಸಿದಾಗ ಸೆಲ್ಫ್ ಮೋಟಾರೇ ತಿರುಗದಿದ್ದರೆ ಹುಡುಕಾಟ ಬ್ಯಾಟರಿ, ಅರ್ತ್ ಕೇಬಲ್, ಸೊಲೆನಾಯ್ಡ್, ಇಗ್ನಿಶನ್ ಸ್ವಿಚ್ ಇಷ್ಟಕ್ಕೆ ಸೀಮಿತ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು; ಸೆಲ್ಫ್ ಹೊಡೆಯುವಾಗ 10 ವೋಲ್ಟ್‌ಗಿಂತ ತೀರ ಕೆಳಗಿಳಿಯಬಾರದು. ಬ್ಯಾಟರಿಯ ನೆಗೆಟಿವ್ ತುದಿಗೂ ಇಂಜಿನ್ನಿನ ಲೋಹಕ್ಕೂ ಮೀಟರ್ ಹಿಡಿದು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಕೇಬಲ್ ತುಕ್ಕು ಹಿಡಿದಿದೆ, ಇಲ್ಲವೇ ಲೂಸ್ ಆಗಿದೆ ಎಂದರ್ಥ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಸ್ಟಾರ್ಟ್ ಆಗದಿದ್ದರೆ ದಾರಿ ಬೇರೆ. ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಸೆಲ್ಫ್ ಹೊಡೆದಾಗ ರೋಟರ್ ತಿರುಗುತ್ತದೆಯೇ ಎಂದು ನೋಡಬೇಕು. ತಿರುಗದಿದ್ದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಈ ಇಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ. ಮತ್ತೆ ಸೆಲ್ಫ್ ಹೊಡೆಯಲೇಬಾರದು.

ಎರಡು ಸೆನ್ಸರ್, ಒಂದು ರಿಲೇ

ಮುಂದಿನ ಹುಡುಕಾಟಕ್ಕೆ ಈ ಕಾರಿನ ವಿದ್ಯುತ್ ವ್ಯವಸ್ಥೆ ಅರ್ಥವಾಗಿರಬೇಕು. ಕಿಡಿ ಮತ್ತು ಪೆಟ್ರೋಲ್ ಎರಡನ್ನೂ ಒಂದೇ ಕಂಪ್ಯೂಟರಿನಿಂದ ನಡೆಸುವ ಬಾಷ್ ಕಂಪನಿಯ ಮೋಟ್ರಾನಿಕ್ 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಮೊದಲು ಬಂತು. 944ರಲ್ಲೂ ಇರುವುದು ಅದೇ. ಪೋರ್ಷೆ ಬಳಗದಲ್ಲಿ ಅದನ್ನು ಡಿಎಂಇ ಎನ್ನುತ್ತಾರೆ.

ಇಂಜಿನ್ ತಿರುಗುತ್ತಿದೆ ಎಂದು ಡಿಎಂಇಗೆ ತಿಳಿಸುವವು ಫ್ಲೈವೀಲ್ ಬಳಿಯ ಎರಡು ಸೆನ್ಸರ್‌ಗಳು. ಒಂದು ರಿಂಗ್ ಗೇರಿನ 132 ಹಲ್ಲುಗಳನ್ನು ಎಣಿಸಿ ವೇಗ ಹೇಳುತ್ತದೆ. ಇನ್ನೊಂದು ಪ್ರತಿ ಸುತ್ತಿಗೊಮ್ಮೆ ಫ್ಲೈವೀಲಿನ ಗುರುತನ್ನು ಕಂಡು ಸ್ಥಾನ ಹೇಳುತ್ತದೆ. ಎರಡರ ಸಿಗ್ನಲ್ಲೂ ಬಂದರೆ ಮಾತ್ರ ಡಿಎಂಇ ಕಿಡಿ ಹೊಡೆಯುತ್ತದೆ, ಪೆಟ್ರೋಲ್ ಚಿಮ್ಮಿಸುತ್ತದೆ.

ಡಿಎಂಇ ರಿಲೇ ಎಂಬ ಒಂದೇ ಪೆಟ್ಟಿಗೆಯಲ್ಲಿ ಎರಡು ರಿಲೇಗಳಿವೆ. ಕೀ ಆನ್ ಆದೊಡನೆ ಮೊದಲನೆಯದು ಕಂಪ್ಯೂಟರಿಗೆ ಕರೆಂಟ್ ಕೊಡುತ್ತದೆ. ಇಂಜಿನ್ ತಿರುಗುವ ಸಿಗ್ನಲ್ ಬಂದ ಮೇಲೆ ಕಂಪ್ಯೂಟರ್ ಎರಡನೆಯದನ್ನು ಎಳೆದು ಪೆಟ್ರೋಲ್ ಪಂಪ್ ಓಡಿಸುತ್ತದೆ. ಅಪಘಾತದಲ್ಲಿ ಇಂಜಿನ್ ನಿಂತರೆ ಪಂಪ್ ಕೂಡ ನಿಲ್ಲಲಿ ಎಂಬುದು ಈ ಏರ್ಪಾಟಿನ ಉದ್ದೇಶ. ಹಾಗಾಗಿ ಬರೀ ಕೀ ಆನ್ ಮಾಡಿದಾಗ ಪಂಪಿನ ಸದ್ದು ಕೇಳದಿರುವುದು ದೋಷವಲ್ಲ.

ಲಕ್ಷಣ ಓದುವ ಕ್ರಮ

ಸೆಲ್ಫ್ ಹೊಡೆಯುತ್ತ ಮೂರು ವಿಷಯ ಗಮನಿಸಬೇಕು: ಕಿಡಿ, ಪೆಟ್ರೋಲ್, ಟ್ಯಾಕೋಮೀಟರಿನ ಮುಳ್ಳು. ಕಿಡಿಯಿದ್ದು ಪೆಟ್ರೋಲ್ ಬರದಿದ್ದರೆ ಡಿಎಂಇ ರಿಲೇಯ ಪಂಪ್ ಭಾಗ, ಫ್ಯೂಸ್, ಪಂಪ್ ಈ ಮೂರರ ಮೇಲೆ ಅನುಮಾನ. ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿದ್ದು ಕಿಡಿಯಿಲ್ಲದಿದ್ದರೆ ಕಾಯಿಲ್, ಕ್ಯಾಪ್, ರೋಟರ್, ವೈರುಗಳತ್ತ ನೋಡಬೇಕು. ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ ಎಂದರೆ ಒಂದೋ ಕಂಪ್ಯೂಟರಿಗೆ ಕರೆಂಟಿಲ್ಲ, ಇಲ್ಲವೇ ಸಿಗ್ನಲಿಲ್ಲ. ಕರೆಂಟ್ ಇದೆಯೇ ಎಂಬುದನ್ನು ಟೆಸ್ಟ್ ಲ್ಯಾಂಪ್ ಹೇಳುತ್ತದೆ. ಕರೆಂಟಿದ್ದೂ ಟ್ಯಾಕೋಮೀಟರಿನ ಮುಳ್ಳು ಸ್ವಲ್ಪವೂ ಅಲುಗಾಡದಿದ್ದರೆ ಮೊದಲು ಶಂಕಿಸಬೇಕಾದದ್ದು ಸೆನ್ಸರ್‌ಗಳನ್ನು.

ಬಿಸಿಯಾದಾಗ ಮಾತ್ರ ಕೈಕೊಡುವ ಕಾರುಗಳಲ್ಲಿ ಮೊದಲು ಸಿಕ್ಕಿಬೀಳುವುದು ಡಿಎಂಇ ರಿಲೇ. ವರ್ಷಗಟ್ಟಲೆ ಬಿಸಿಯಾಗಿ, ತಣಿದು, ಅದುರಿ ಅದರೊಳಗಿನ ಬೆಸುಗೆ ಕೂದಲೆಳೆಯಷ್ಟು ಬಿರಿಯುತ್ತದೆ. ಬಿಸಿಯಲ್ಲಿ ಬಿರುಕು ಅಗಲಿ ಕರೆಂಟ್ ಕಡಿಯುತ್ತದೆ. ತಣಿದಾಗ ಮತ್ತೆ ಕೂಡುತ್ತದೆ. ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಸುತ್ತ ಸಣ್ಣ ಕಪ್ಪು ಉಂಗುರ ಕಾಣಿಸುವುದುಂಟು. ರಿಲೇ ತೆಗೆದು ಸಾಕೆಟ್ಟಿನ 30, 87, 87ಬಿ ತುದಿಗಳನ್ನು ಫ್ಯೂಸ್ ಇರುವ ವೈರಿನಿಂದ ಸೇರಿಸಿದಾಗ ಕಾರು ಸ್ಟಾರ್ಟ್ ಆದರೆ ದೋಷ ರಿಲೇ ಕಡೆಯದೇ. ಇದು ಪರೀಕ್ಷೆಗಷ್ಟೇ. ಹೀಗೆ ಓಡಿಸಿದರೆ ಅಪಘಾತದಲ್ಲೂ ಪಂಪ್ ನಿಲ್ಲದೆ ಬೆಂಕಿಯ ಅಪಾಯ ಉಂಟಾಗುತ್ತದೆ.

ಸೆನ್ಸರ್‌ಗಳದು ಎರಡನೆಯ ಸರದಿ. ಪ್ರತಿಯೊಂದರ ಸುರುಳಿಯ ರೆಸಿಸ್ಟೆನ್ಸ್ 600ರಿಂದ 1,600 ಓಮ್ ಒಳಗಿರಬೇಕು. ಫ್ಲೈವೀಲಿಗೂ ಸೆನ್ಸರಿಗೂ ನಡುವಿನ ಅಂತರ ಸುಮಾರು 0.8 ಮಿಲಿಮೀಟರ್. ತಣ್ಣಗಿದ್ದಾಗ ಸರಿಯಿರುವ ಸುರುಳಿ ಬಿಸಿಯಲ್ಲಿ ಕಡಿಯಬಹುದಾದ್ದರಿಂದ ಅಳತೆಯನ್ನು ಬಿಸಿಯಲ್ಲೇ ತೆಗೆಯಬೇಕು. ಇಂಜಿನ್ನಿನ ಹಿಂದಿರುವ ಅವುಗಳ ಪ್ಲಾಸ್ಟಿಕ್ ಕನೆಕ್ಟರ್‌ಗಳು ಶಾಖಕ್ಕೆ ಒಣಗಿ ಮುಟ್ಟಿದರೆ ಪುಡಿಯಾಗುತ್ತವೆ. ಎರಡೂ ಒಂದೇ ತೆರನಾಗಿರುವುದರಿಂದ ಅದಲುಬದಲಾಗಿ ಜೋಡಿಸಿದರೂ ಕಾರು ಸ್ಟಾರ್ಟ್ ಆಗುವುದಿಲ್ಲ.

ಕಾರು ಸರಿಯಾಗಿರುವಾಗ ದೋಷವನ್ನು ಹೊರಗೆಳೆಯಲೂ ಉಪಾಯಗಳಿವೆ. ಇಂಜಿನ್ ಓಡುತ್ತಿರುವಾಗ ರಿಲೇಯನ್ನು ಮೆಲ್ಲಗೆ ತಟ್ಟುವುದು, ವೈರಿನ ಕಟ್ಟನ್ನು ಅಲುಗಾಡಿಸುವುದು, ಅನುಮಾನದ ಭಾಗವನ್ನಷ್ಟೇ ಹೇರ್ ಡ್ರೈಯರಿನಿಂದ ಬಿಸಿ ಮಾಡುವುದು ಇವುಗಳಲ್ಲಿ ಮುಖ್ಯ. ಇಂಜಿನ್ ತಡವರಿಸಿದ ಜಾಗವೇ ದೋಷದ ಜಾಗ.

ಕೆಟ್ಟ ಭಾಗ ಬದಲಿಸಿದ ಮರುಕ್ಷಣ ಕಾರು ಸ್ಟಾರ್ಟ್ ಆಯಿತೆಂದು ಕೆಲಸ ಮುಗಿದಂತಲ್ಲ. ಈ ದೋಷ ತಾನಾಗಿಯೂ ಸರಿಹೋಗುವಂಥದು. ಕಾರನ್ನು ಚೆನ್ನಾಗಿ ಓಡಿಸಿ, ಅದು ಹಿಂದೆ ಕೈಕೊಟ್ಟಂಥದೇ ಬಿಸಿಲಲ್ಲಿ ಅಷ್ಟೇ ಹೊತ್ತು ನಿಲ್ಲಿಸಿ, ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಕು. ಪ್ರತಿ ಸಲವೂ ಸ್ಟಾರ್ಟ್ ಆದರೆ ಮಾತ್ರ ರಿಪೇರಿ ಪೂರ್ತಿಯಾಯಿತೆನ್ನಬಹುದು.