ಕಾದ ಒಲೆಯ ಲೆಕ್ಕ

ಶಿಬಿರದ ಬಯಲಲ್ಲಿ ಹತ್ತಾರು ಜನ ಸೇರಿ ಪಿಜ್ಜಾ ಒಲೆ ಕಟ್ಟಲು ಹೊರಟರೆ ಮಣ್ಣು, ಮರಳು, ಇಟ್ಟಿಗೆ ಸೇರಿ ಅರ್ಧ ಟನ್ ಸಾಮಗ್ರಿ ಹಿಡಿದೀತು. ಅಷ್ಟು ಭಾರದ ಬಿಸಿಯನ್ನು ಸರಾಸರಿ 200 ಡಿಗ್ರಿ ಏರಿಸಲು ಸುಮಾರು 90 ಮೆಗಾಜೌಲ್ ಶಕ್ತಿ ಬೇಕು. ಒಣ ಸೌದೆ ಕಿಲೋಗೆ 15 ಮೆಗಾಜೌಲ್ ಕೊಡುತ್ತದೆ. ಏನೂ ಪೋಲಾಗದಿದ್ದರೆ ಆರು ಕಿಲೋ ಸಾಕು. ಆದರೆ ಒಲೆಯ ಬಾಯಿಂದ ಹೊಗೆಯ ಜೊತೆ ಶಾಖವೂ ಹೊರಬೀಳುವುದರಿಂದ ಅದರ ಎರಡು ಮೂರು ಪಟ್ಟು ಉರಿಸಬೇಕಾಗುತ್ತದೆ. ಇನ್ನು ಒಂದು ಪಿಜ್ಜಾ ಬೇಯಲು ಎಷ್ಟು ಬೇಕು? ಹಿಟ್ಟು ಕಾದು, ಒಂದಿಷ್ಟು ನೀರು ಆವಿಯಾಗಲು 150 ಕಿಲೋಜೌಲ್ ಆಸುಪಾಸು. ಒಲೆ ತಾನು ಕಾಯಲು ಹೀರಿಕೊಂಡದ್ದರಲ್ಲಿ ಆರುನೂರರಲ್ಲೊಂದು ಪಾಲು!

ಒಬ್ಬನ ಹಸಿವಿಗೆ ಇಂಥ ಒಲೆ ಹಚ್ಚುವುದು ಶುದ್ಧ ದುಂದು. ಐವತ್ತು ಮಂದಿ ಸರದಿಯಲ್ಲಿ ನಿಂತರೆ ಅದೇ ಸೌದೆ ಅಗ್ಗವಾಗುತ್ತದೆ. ಕೆನಡಾದ ಟೊರೊಂಟೊ ನಗರದ ಡಫರಿನ್ ಗ್ರೋವ್ ಉದ್ಯಾನದಲ್ಲಿ 1995ರಲ್ಲಿ ಕಟ್ಟಿದ ಸಾರ್ವಜನಿಕ ಒಲೆಯಲ್ಲಿ ನೆರೆಹೊರೆಯವರು ತಮ್ಮ ತಮ್ಮ ಪಿಜ್ಜಾ ತಾವೇ ತಟ್ಟಿ ಬೇಯಿಸಿಕೊಳ್ಳುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಕಟ್ಟುವ ಕೆಲಸ ಕೇಳಿದಷ್ಟು ಕಷ್ಟವಿಲ್ಲ. ಇಟ್ಟಿಗೆ ಹಾಸಿನ ಮೇಲೆ ಒದ್ದೆ ಮರಳಿನ ಗುಮ್ಮಟ ಮಾಡಿ, ಅದರ ಮೇಲೆ ಜೇಡಿಮಣ್ಣು ಮರಳು ಕಲಸಿದ ಮುದ್ದೆಯನ್ನು ನಾಲ್ಕು ಬೆರಳು ದಪ್ಪ ಮೆತ್ತುತ್ತಾರೆ. ಅದು ಬಿಗಿಯಾದ ಮೇಲೆ ಬಾಗಿಲು ಕೊರೆದು ಒಳಗಿನ ಮರಳನ್ನು ಬಗೆದು ತೆಗೆಯುತ್ತಾರೆ. ಮುದ್ದೆಯಲ್ಲಿ ಮರಳೇ ಹೆಚ್ಚಿರಬೇಕು. ಜೇಡಿ ಒಣಗುವಾಗ ಕುಗ್ಗುತ್ತದೆ; ಒಂದಕ್ಕೊಂದು ತಾಗಿ ಕೂತ ಮರಳಿನ ಕಣಗಳು ಕುಗ್ಗುವುದಿಲ್ಲ. ಹೊರಪದರಕ್ಕೆ ಹುಲ್ಲು ಬೆರೆಸುವುದು ಅದರ ಟೊಳ್ಳುಗಳಲ್ಲಿ ಸಿಕ್ಕ ಗಾಳಿ ಕಾವನ್ನು ತಡೆಹಿಡಿಯಲೆಂದು. ಬಾಗಿಲಿನ ಎತ್ತರ ಗುಮ್ಮಟದ ಒಳ ಎತ್ತರದ 63% ಇರಲಿ ಎಂಬುದು ಒಲೆ ಕಟ್ಟುವವರ ರೂಢಿ. ಹಾಗಿದ್ದರೆ ತಣ್ಣನೆಯ ಗಾಳಿ ಬಾಗಿಲ ಕೆಳಭಾಗದಿಂದ ನುಗ್ಗಿ, ಹೊಗೆ ಮೇಲ್ಭಾಗದಿಂದ ಹೊರಡುತ್ತದೆ, ಹೊಗೆಕೊಳವೆಯೇ ಬೇಡ.

ಅವಸರ ಕೂಡದ್ದು ಒಣಗಿಸುವಾಗ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಸಿ ಗೋಡೆಗೆ ಒಮ್ಮೆಲೇ ದೊಡ್ಡ ಉರಿ ಕೊಟ್ಟರೆ ಒಳಗೆ ಸಿಕ್ಕ ಆವಿ ಮಣ್ಣನ್ನು ಸೀಳುತ್ತದೆ. ಆದ್ದರಿಂದಲೇ ಮೊದಮೊದಲು ಪುಟ್ಟ ಬೆಂಕಿ.

ಒಲೆ ಸಿದ್ಧವಾಯಿತೆಂದು ತಿಳಿಯಲು ಥರ್ಮಾಮೀಟರ್ ಬೇಕಿಲ್ಲ. ಮೊದಲು ಮಸಿಯಿಂದ ಕಪ್ಪಾಗುವ ಗುಮ್ಮಟ, ಕಾವು 350 ಡಿಗ್ರಿ ದಾಟಿ ಏರುತ್ತಿದ್ದಂತೆ ಮಸಿಯೆಲ್ಲ ಉರಿದುಹೋಗಿ ಬಿಳಿಚಿಕೊಳ್ಳುತ್ತದೆ. ಆಗ ಕೆಂಡವನ್ನು ಬದಿಗೆ ತಳ್ಳಬಹುದು. ತಳದಿಂದ ನೇರ ಶಾಖ, ಸುತ್ತುವ ಬಿಸಿಗಾಳಿ, ಇವೆರಡರ ಜೊತೆಗೆ ಗುಮ್ಮಟದ ವಿಕಿರಣ ಪಿಜ್ಜಾಗೆ ತಾಗುತ್ತದೆ. ವಿಕಿರಣ ತಾಪಮಾನದ ನಾಲ್ಕನೇ ಘಾತದಂತೆ ಏರುವುದರಿಂದ 250 ಡಿಗ್ರಿಯ ಗುಮ್ಮಟಕ್ಕಿಂತ 450 ಡಿಗ್ರಿಯದು ಮೂರೂವರೆ ಪಟ್ಟಿಗೂ ಹೆಚ್ಚು ಸೂಸುತ್ತದೆ. ನೇಪಲ್ಸ್ ಶೈಲಿಯ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುವ ಗುಟ್ಟು ಇದೇ.

ಹಾಗಾದರೆ ತಳ ಸೀದುಹೋಗುವುದಿಲ್ಲವೇ? ವರ್ಲಾಮೊವ್, ಗ್ಲಾಟ್ಜ್, ಗ್ರಾಸೊ ಎಂಬ ಮೂವರು 2018ರಲ್ಲಿ ಇದನ್ನೇ ಲೆಕ್ಕ ಹಾಕಿದರು. 330 ಡಿಗ್ರಿಯ ಇಟ್ಟಿಗೆಯ ಮೇಲೆ ಹಿಟ್ಟು ಇಟ್ಟಾಗ, ಅವೆರಡೂ ಕೂಡುವ ಜಾಗದ ಬಿಸಿ 208 ಡಿಗ್ರಿ ಮಾತ್ರ. ಅಷ್ಟೇ ಕಾದ ಉಕ್ಕಿನ ಮೇಲಾದರೆ ಸುಮಾರು 300. ಇಟ್ಟಿಗೆ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಉಕ್ಕು ಒಮ್ಮೆಲೇ ಸುರಿದು, ಮೇಲಿನ ಟೊಮೆಟೊ ಬೇಯುವ ಮೊದಲೇ ತಳವನ್ನು ಕರಕಲು ಮಾಡುತ್ತದೆ. ಮನೆಯ ಓವನ್ನಿನಲ್ಲಿ ಆ ರುಚಿ ಬರಲಿಲ್ಲವೆಂದು ಹಿಟ್ಟನ್ನು ದೂರುವವರು ಇದನ್ನು ಗಮನಿಸಬೇಕು.

ಪಿಜ್ಜಾ ಮುಗಿದ ಮೇಲೂ ಒಲೆಯಲ್ಲಿ ಶಾಖದ ದಾಸ್ತಾನು ಇರುತ್ತದೆ. 250ಕ್ಕೆ ಇಳಿದಾಗ ಬ್ರೆಡ್, ಇನ್ನೂ ಇಳಿದಾಗ ಬಿಸ್ಕತ್ತು, ರಾತ್ರಿಯಿಡೀ ಮುಚ್ಚಿಟ್ಟರೆ ಕಾಳು. ಇಟಲಿಯ ಮತೇರಾದಲ್ಲಿ ಊರಿನ ಒಲೆಗೆ ಒಯ್ಯುವ ಹಿಟ್ಟಿಗೆ ಮನೆಮನೆಯವರೂ ತಮ್ಮ ಮರದ ಅಚ್ಚನ್ನು ಒತ್ತುತ್ತಿದ್ದರು, ಯಾರ ಬ್ರೆಡ್ ಯಾರದೆಂದು ಜಗಳವಾಗದಿರಲಿ ಎಂದು. ಶಿಬಿರದಲ್ಲಿ ಅಚ್ಚು ಬೇಕಾಗದಿರಬಹುದು, ಮೇಲೊಂದು ಸೂರಂತೂ ಬೇಕೇ ಬೇಕು. ಒಳಮೈ ಎಷ್ಟೇ ಬೆಂದರೂ ಗೋಡೆಯ ಹೊರಭಾಗ ಮಡಕೆಯಂತೆ ಸುಡುವಷ್ಟು ಬಿಸಿಯಾಗುವುದಿಲ್ಲ. ಜೋರು ಮಳೆಗೆ ಅದು ಮತ್ತೆ ಕೆಸರೇ.